ಗಂಟಿಲ್ಲದ ಸೂಪು

ಬೈಂಡರಣ್ಣ ಸುಳ್ಳುಗಾರನಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಎರಡೇ ಅಕ್ಷರದ್ದು. ಆ ಎರಡಕ್ಷರವೇ ಅವನನ್ನು ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಎಳೆದು, ಸೊಂಟಕ್ಕೆ ಟವೆಲ್ ಸುತ್ತಿಸಿ, ಮೂರು ಕಿಲೋ ಆಲೂಗಡ್ಡೆಯ ಮುಂದೆ ತಂದು ನಿಲ್ಲಿಸಿತು.

ಊರಿನ ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕೆಲಸ. ಆ ಕೋಣೆಗೆ ಕಿಟಕಿ ಅನ್ನುವುದೇ ಇಲ್ಲ. ಒಂದು ಟ್ಯೂಬ್‌ಲೈಟು, ಒಂದು ಸ್ಟವ್ವು, ಅದರ ಮೇಲೆ ಅಂಟು ಕಾಯಿಸುವ ಪಾತ್ರೆ, ಜೊತೆಗೆ ಹುಳಿಬಂದ ಮೈದಾದ ವಾಸನೆ. ಹೊರಗೆ ಮಳೆಯೋ ಬಿಸಿಲೋ ಅವನಿಗೆ ಗೊತ್ತಾಗುತ್ತಿದ್ದುದು ಸಂಜೆ ಮೆಟ್ಟಿಲು ಹತ್ತಿ ಬಂದ ಮೇಲೆಯೇ. ಆಫೀಸಿನಲ್ಲಿ ಯಾರೋ 'ಬೈಂಡರಣ್ಣ' ಎಂದು ಕರೆದದ್ದು ಅವನ ಜೊತೆಗೇ ಮನೆಗೆ ಬಂದು, ಈಗ ಬೀದಿಯವರೆಲ್ಲರ ಬಾಯಲ್ಲೂ ಅದೇ. ಹೆಂಡತಿ ಮಾತ್ರ 'ರೀ' ಅನ್ನುತ್ತಾಳೆ.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನು ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ, ಯಾವುದೋ ರಿಜಿಸ್ಟರು ಹುಡುಕಿಕೊಂಡು ಮೇಡಂ ತಾವೇ ಕೆಳಗಿಳಿದು ಬಂದರು. ಮೇಡಂ ಎಂದರೆ ಇಡೀ ಗ್ರಂಥಾಲಯದ ಮುಖ್ಯಸ್ಥೆ. ಡಬ್ಬಿಯಲ್ಲಿ ಹೆಂಡತಿ ಕಟ್ಟಿಕೊಟ್ಟ ಆಲೂಗಡ್ಡೆ ಸೂಪಿತ್ತು. ಕೆನೆ ಹಾಕಿದ್ದು, ಖಾರ ಸ್ವಲ್ಪ ಮುಂದಾಗಿದ್ದು. ಮೇಡಂ ಮೂಗರಳಿಸಿ, "ಏನ್ರೀ ಅದು, ಒಂದು ಚಮಚ ಕೊಡಿ ನೋಡೋಣ" ಅಂದರು. ಒಂದು ಚಮಚ ಅಂದವರು ನಿಂತ ನಿಲುವಿನಲ್ಲೇ ಮುಕ್ಕಾಲು ಡಬ್ಬಿ ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಕೇಳಿದರು.

"ಬಹಳ ಚೆನ್ನಾಗಿದೆ. ಯಾರು ಮಾಡಿದ್ದು?"

ಇಪ್ಪತ್ತೆರಡು ವರ್ಷದಲ್ಲಿ ಮೇಡಂ ಅವನನ್ನು "ಆಯ್ತಾ?" ಎನ್ನುವುದೊಂದನ್ನು ಬಿಟ್ಟು ಬೇರೇನನ್ನೂ ಕೇಳಿದವರಲ್ಲ. ಬೈಂಡರಣ್ಣನ ಎದೆ ಉಬ್ಬಿತು, ನಾಲಿಗೆ ಜಾರಿತು.

"ನಾನೇ" ಅಂದ.

ಅಲ್ಲಿಗೆ ಮುಗಿದುಹೋಗಬೇಕಾಗಿದ್ದ ಮಾತು ಅದು. ಆದರೆ ಅದೇ ಹೊತ್ತಿಗೆ ಆಫೀಸಿನಲ್ಲಿ ಇನ್ನೊಂದು ಕತೆ ನಡೆದಿತ್ತು. ಪುಸ್ತಕಕ್ಕೆ ಹಚ್ಚುವ ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಬೆರೆಸುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಅಂಟು ಮೂರನೇ ಸಲ ಉಕ್ಕು ಬಂದಾಗ ಒಂದು ಸೌಟು ಆ ನೀಲಿ ಪುಡಿ ಹಾಕಿದರೆ ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಅದು ವಿಷ, ಇನ್ನು ಮುಂದೆ ಯಾರೂ ಮುಟ್ಟಕೂಡದು ಎಂದು ಹೋದ ವರ್ಷ ಮೇಲಿನಿಂದ ಸುತ್ತೋಲೆ ಬಂತು. ಅಂದಿನಿಂದ ಪುಸ್ತಕದ ಹುಳಗಳಿಗೆ ದಿನಾ ಮದುವೆಮನೆ ಊಟ. ಬೈಂಡರಣ್ಣ ಇವತ್ತು ಕಟ್ಟಿದ ಪುಸ್ತಕ ಆರು ತಿಂಗಳಿಗೆಲ್ಲ ಬೆನ್ನು ಕಳಚಿಕೊಂಡು ವಾಪಸು ಬರತೊಡಗಿತು. ಕೊನೆಗೆ ಮೇಡಂ ರೋಸಿಹೋಗಿ, ರಟ್ಟಿನ ಕೋಣೆ ಮುಚ್ಚಿ ಪುಸ್ತಕಗಳನ್ನೆಲ್ಲ ಹೊರಗಿನ ಪ್ರೆಸ್ಸಿಗೆ ಕೊಡುವುದೆಂದು ತೀರ್ಮಾನ ಮಾಡಿದರು. ಸೋಮವಾರ ಆ ಕಾಗದಕ್ಕೆ ರುಜು ಬೀಳಬೇಕು.

ಬೈಂಡರಣ್ಣನಿಗೆ ಇದು ಹಬ್ಬವೇ. ಕೋಣೆ ಮುಚ್ಚಿದರೆ ಅವನನ್ನು ಎಲ್ಲಾದರೂ ಹಾಕಲೇಬೇಕಲ್ಲ? ಇದ್ದದ್ದು ಎರಡೇ ಜಾಗ. ಒಂದು, ಮೂರನೇ ಮಹಡಿಯ ವಾಚನಾಲಯ. ಅಲ್ಲಿ ಕೈ ಇರುವ ಕುರ್ಚಿ, ತಲೆಯ ಮೇಲೆ ಫ್ಯಾನು, ಎಡಗಡೆಗೆ ಆಳೆತ್ತರದ ಕಿಟಕಿ. ಇನ್ನೊಂದು, ಊರಾಚೆಯ ಗೋದಾಮು. ಅಲ್ಲಿ ಇಲಿಗಳು ಸಿಬ್ಬಂದಿಗಿಂತ ಹಿರಿಯರು. ಯಾವುದು ಎನ್ನುವುದು ಮೇಡಂ ಕೈಯಲ್ಲಿತ್ತು. ಬೈಂಡರಣ್ಣ ಆಗಲೇ ಮೂರು ಸಲ ಏನೋ ನೆಪ ಮಾಡಿಕೊಂಡು ಮೇಲೆ ಹೋಗಿ ಆ ಕುರ್ಚಿಯಲ್ಲಿ ಕೂತು ಬಂದಿದ್ದ. ಛತ್ರಿ ಯಾವ ಮೊಳೆಗೆ ತಗಲಿಸುವುದು ಎನ್ನುವುದೂ ನಿಶ್ಚಯವಾಗಿತ್ತು.

ಹೀಗಿರುವಾಗ ಶುಕ್ರವಾರ ಮೇಡಂ ದವಡೆ ಹಲ್ಲು ಕೀಳಿಸಿಕೊಂಡರು. ಮೂರು ದಿನ ಅಗಿಯಬಾರದು, ಮಾತೂ ಆಡಬಾರದು ಎಂದು ಡಾಕ್ಟರು ಹೇಳಿದ್ದರು. ಶನಿವಾರ ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡೇ ಆಫೀಸಿಗೆ ಬಂದು, ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಬರೆದು ಕೊಟ್ಟರು. ಸಂಜೆ ಬೈಂಡರಣ್ಣನಿಗೂ ಒಂದು ಚೀಟಿ ಬಂತು.

'ಬರೀ ಹಾಲು ಕುಡಿದು ಸಾಕಾಗಿದೆ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ. ಆ ಆಲೂಗಡ್ಡೆ ಸೂಪು ಮಾಡಿ. ಖಾರ ಕಮ್ಮಿ ಮಾಡಬೇಡಿ. ನಿಮ್ಮ ಜಾಗದ ವಿಷಯ ಅಲ್ಲೇ ತೀರ್ಮಾನಿಸೋಣ.'

ಬೈಂಡರಣ್ಣ ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿ ಮಡಿಸಿಟ್ಟುಕೊಂಡು ತೇಲುತ್ತ ಮನೆಗೆ ಬಂದ.

"ನಾಳೆ ಮೇಡಂ ಊಟಕ್ಕೆ ಬರ್ತಾರೆ. ಆ ಸೂಪು ಮಾಡ್ಬಿಡು" ಅಂದ ಹೆಂಡತಿಗೆ.

"ಬರ್ಲಿ ಪಾಪ. ಅಷ್ಟು ಇಷ್ಟ ಆಯ್ತಂತಾ?" ಹೆಂಡತಿಯ ಮುಖ ಅರಳಿತು.

"ಹ್ಞೂಂ, ಹ್ಞೂಂ. ಏನಂದ್ರೆ... ಮಾಡಿಟ್ಟು ನೀನು ಒಳಗೆ ರೂಮಲ್ಲಿ ಕೂತ್ಕೊಂಡಿರು. ನಾನೇ ಬಡಿಸ್ತೀನಿ."

"ಅದ್ಯಾಕೆ? ನನಗೇನು ಬಡಿಸೋಕೆ ಬರಲ್ವಾ?"

"ಹಾಗಲ್ಲ ಕಣೇ..."

"ಮತ್ತೆ ಹೇಗೆ?"

ಹೆಂಡತಿ 'ಮತ್ತೆ ಹೇಗೆ' ಎಂದು ಸೊಂಟಕ್ಕೆ ಕೈ ಕೊಟ್ಟು ನಿಂತರೆ ಬೈಂಡರಣ್ಣನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಎರಡೇ ನಿಮಿಷದಲ್ಲಿ ಎಲ್ಲ ಹೊರಬಂತು.

"ಓಹೋ" ಅಂದಳು ಅವಳು. ದನಿ ಏರಲಿಲ್ಲ, ಅದೇ ಕೆಟ್ಟ ಲಕ್ಷಣ. "ಹದಿನೆಂಟು ವರ್ಷ ನನ್ನ ಕೈ ಅಡುಗೆ ತಿಂದ್ರಿ. ಒಂದು ದಿನ ಚೆನ್ನಾಗಿದೆ ಅಂದವರಲ್ಲ. ಮೇಡಂ ಚೆನ್ನಾಗಿದೆ ಅಂದ ತಕ್ಷಣ ಅದು ನಿಮ್ದಾಗೋಯ್ತಾ? ನೀವೇ ಮಾಡಿದ್ದಲ್ವಾ? ಮಾಡಿ ಹಾಗಾದ್ರೆ."

"ಲೇ, ತಮಾಷೆ ಮಾಡ್ಬೇಡ. ನನ್ನ ಕಿಟಕಿ ವಿಷಯ ಇದು!"

"ನಾನು ಬೆಳಿಗ್ಗೆ ಅಕ್ಕನ ಮನೆಗೆ ಹೋಗ್ತೀನಿ" ಎಂದು ಅವಳು ದೀಪ ಆರಿಸಿದಳು.

ಭಾನುವಾರ ಅವನು ಎದ್ದಾಗ ಏಳು ಗಂಟೆ. ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದಳು. ಅವನ ಮುಖ ನೋಡಿ ಒಂದು ಗಳಿಗೆ ತಡೆದು, "ಬೇಕಾದ್ದೆಲ್ಲಾ ಮನೇಲೇ ಇದೆ. ಸ್ವಲ್ಪ ಕಣ್ಣು ಬಿಟ್ಟು ನೋಡಿ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಬೈಂಡರಣ್ಣ ಕಣ್ಣು ಬಿಟ್ಟು ನೋಡಿದ. ಬುಟ್ಟಿಯಲ್ಲಿ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ. ಫ್ರಿಜ್ಜಿನ ಬಾಗಿಲಲ್ಲಿ ಹಾಲು, ಮೇಲಿನ ಖಾನೆಯಲ್ಲಿ ಬೆಣ್ಣೆ. ಕೆಳಗಿನ ಖಾನೆಯಲ್ಲಿ ತಟ್ಟೆ ಮುಚ್ಚಿದ ಏನೇನೋ ಪಾತ್ರೆಗಳು. ಅವುಗಳಲ್ಲಿ ಏನಿರುತ್ತದೆ ಎಂದು ಅವನು ಹದಿನೆಂಟು ವರ್ಷದಲ್ಲಿ ಎಂದೂ ವಿಚಾರಿಸಿದವನಲ್ಲ, ಇವತ್ತೂ ವಿಚಾರಿಸಲಿಲ್ಲ. ಫ್ರಿಜ್ಜು ಮುಚ್ಚಿ, ಬಾಣಲೆಗೆ ಬೆಣ್ಣೆ ಹಾಕಿ, ಬೆಳ್ಳುಳ್ಳಿ ಹಾಕಿ, ಮುಂದೇನು ಎಂದು ಯೋಚಿಸುತ್ತ ನಿಂತ. ಅವನು ಯೋಚನೆ ಮುಗಿಸುವುದರೊಳಗೆ ಬೆಳ್ಳುಳ್ಳಿ ಕರಕಲಾಗಿ ಹೊಗೆ ಕಿಟಕಿಯಿಂದ ಮೇಲೆ ಹೋಯಿತು.

ಮೇಲೆ ಇದ್ದವರು ಡ್ರಿಲ್ ಮೇಷ್ಟ್ರು. ಶಾಲೆಯಿಂದ ರಿಟೈರಾಗಿ ಎಂಟು ವರ್ಷವಾದರೂ ಕೊರಳಿನ ಸೀಟಿ ರಿಟೈರಾಗಿರಲಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆದರೂ ಅದಕ್ಕೊಂದು ಶಿಸ್ತು ತರುವುದು ತಮ್ಮ ಜವಾಬ್ದಾರಿ ಎಂದೇ ಅವರು ತಿಳಿದಿದ್ದರು. ಸೀಟಿ ಊದುತ್ತಲೇ ಇಳಿದು ಬಂದರು.

"ಏನ್ರೀ ಬೈಂಡರಣ್ಣ, ಮನೆ ಸುಡ್ತಿದೀರಾ?"

"ಸೂಪು ಮಾಡ್ತಿದೀನಿ ಮೇಷ್ಟ್ರೇ."

"ನೀವಾ? ಯಾರಿಗೆ ಶಿಕ್ಷೆ?"

ಬೈಂಡರಣ್ಣ ಇದ್ದ ವಿಷಯವನ್ನು ಅರ್ಧ ಹೇಳಿದ. ಮೇಡಂ ಬರುತ್ತಾರೆ, ಹೆಂಡತಿ ಮನೆಯಲ್ಲಿಲ್ಲ, ಕಿಟಕಿ ಕೈತಪ್ಪಬಾರದು. ಉಳಿದರ್ಧ ನುಂಗಿಕೊಂಡ. ಮೇಷ್ಟ್ರು ಕೈಗಡಿಯಾರ ನೋಡಿಕೊಂಡು, "ಇನ್ನೂ ಐದು ಗಂಟೆ ಟೈಮಿದೆ. ಹೆದರ್ಬೇಡಿ. ನನ್ನ ಹತ್ರ ಅಡುಗೆ ಪುಸ್ತಕ ಇದೆ" ಎಂದು ಮೇಲೆ ಓಡಿ, ಬೆನ್ನು ಕಿತ್ತುಹೋದ ಒಂದು ದಪ್ಪ ಪುಸ್ತಕ ತಂದರು.

ಮೊದಲ ಪುಟದಲ್ಲಿ ಗ್ರಂಥಾಲಯದ ಮೊಹರು ಕಂಡಿತು. ಹೋದ ವರ್ಷ ಬೈಂಡರಣ್ಣನೇ ಕಟ್ಟಿದ ಪುಸ್ತಕ.

"ಮೇಷ್ಟ್ರೇ, ಇದು ನಮ್ಮದು. ಹದಿನೈದು ದಿನಕ್ಕೆ ವಾಪಸು ಕೊಡ್ಬೇಕಿತ್ತಲ್ಲ!"

"ಕೊಡೋಣ ಕೊಡೋಣ. ನಿಮ್ಮ ಮೇಡಂ ಬರೋಷ್ಟರಲ್ಲಿ ಬಚ್ಚಿಟ್ರಾಯ್ತು. ಮೊದ್ಲು ಆಲೂಗಡ್ಡೆ ಪುಟ ತೆಗೀರಿ."

ಪುಟ ಸಿಕ್ಕಿತು. ಆದರೆ ಅಳತೆಗಳೆಲ್ಲ ಹೊಲಿಗೆಯ ಪಕ್ಕದ ಸಾಲಿನಲ್ಲಿದ್ದವು, ಅಂಟು ಇರುವ ಕಡೆ. ಹುಳ ಆ ಸಾಲನ್ನು ಮೇಲಿನಿಂದ ಕೆಳಗಿನವರೆಗೆ ನೀಟಾಗಿ ತಿಂದು ಮುಗಿಸಿತ್ತು. ಆಲೂಗಡ್ಡೆ ಬೇಕು, ಎಷ್ಟು ಎನ್ನುವಲ್ಲಿ ತೂತು. ಬೆಣ್ಣೆ ಬೇಕು, ತೂತು. ಖಾರದ ಪುಡಿ ಎನ್ನುವ ಮಾತಿನ ಮುಂದೆ ಎಲ್ಲಕ್ಕಿಂತ ದೊಡ್ಡ ತೂತು. ಅದರಿಂದ ಒಂದು ಬೆಳ್ಳಿಬಣ್ಣದ ಹುಳ ಮೀಸೆ ಆಡಿಸುತ್ತ ಹೊರಗೆ ಬಂದು, ಇಬ್ಬರನ್ನೂ ನೋಡಿ, ವಾಪಸು ಒಳಗೆ ಹೋಯಿತು.

"ಅಳತೆಗೆ ಕಣ್ಣಂದಾಜು ಸಾಕು" ಎಂದರು ಮೇಷ್ಟ್ರು. "ಬೇಯಿಸೋದಕ್ಕೆ ನಾನು ಟೈಮ್ ಹೇಳ್ತೀನಿ. ಕುಕ್ಕರ್, ಹಾಕ್!"

ಕುಕ್ಕರಿನ ಸೀಟಿಗೂ ಮೇಷ್ಟ್ರ ಸೀಟಿಗೂ ಪೈಪೋಟಿ ನಡೆದು, ಆರಕ್ಕೆ ಇಳಿಸಬೇಕೋ ಎಂಟಕ್ಕೋ ಎನ್ನುವ ಲೆಕ್ಕ ತಪ್ಪಿ, ಆಲೂಗಡ್ಡೆ ಬೇಡ ಬೇಡ ಎನ್ನುವಷ್ಟು ಬೆಂದವು. ಈ ಗಲಾಟೆಗೆ ಎದುರುಮನೆ ಅಜ್ಜಿ ಬಾಗಿಲಿಗೆ ಬಂದರು. ಅಜ್ಜಿಗೆ ಎಪ್ಪತ್ತೆಂಟು, ಮೊಣಕಾಲು ಮಾತು ಕೇಳುವುದಿಲ್ಲ, ನಾಲಿಗೆ ಮಾತ್ರ ಚೆನ್ನಾಗಿದೆ. ಕೂರಲು ಒಂದು ಬೆತ್ತದ ಮೋಡಾ ಎಳೆದುಕೊಂಡು ಅಡುಗೆಮನೆಯ ಹೊಸಿಲ ಮೇಲೆ ಕೂತರು. ಆಮೇಲೆ ಯಾರೂ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ.

"ಏನಪ್ಪಾ ಬೈಂಡರಣ್ಣ, ನಿನ್ನ ಹೆಂಡ್ತಿ ಎಷ್ಟು ಚೆನ್ನಾಗಿ ಮಾಡ್ತಾಳೆ ಆ ಸೂಪು. ಅವ್ಳನ್ನ ಓಡಿಸಿ ನೀನ್ಯಾಕೋ ಹೀಗೆ ಒದ್ದಾಡ್ತಿದೀಯ?"

"ಅಜ್ಜಿ, ನಿಮ್ಮ ದಮ್ಮಯ್ಯ. ಮೇಡಂ ಬಂದಾಗ ಆ ಮಾತೊಂದು ಎತ್ಬೇಡಿ. ಇವತ್ತು ಎಲ್ಲಾ ನಾನೇ ಮಾಡೋದು."

"ಎತ್ತಲ್ಲಪ್ಪ. ಕೆನೆ ಇದೆಯಾ?"

ಕೆನೆ ಇರಲಿಲ್ಲ. ಅಜ್ಜಿ ಮನೆಯಿಂದ ತರಿಸಿ ಕೊಟ್ಟರು. ನಾನೇ ಹಾಕ್ತೀನಿ ಕೊಡು ಎಂದು ಕೈ ಚಾಚಿದಾಗ ಬೈಂಡರಣ್ಣ ಬಟ್ಟಲನ್ನು ಎದೆಗವುಚಿಕೊಂಡ. ಒಂದು ಸುಳ್ಳಿನಿಂದ ಆದ ಫಜೀತಿ ಸಾಕು, ಇವತ್ತಿನ ಸೂಪನ್ನಾದರೂ ಎದೆ ತಟ್ಟಿ ನನ್ನದು ಅನ್ನಬೇಕು ಎನ್ನುವ ಹಟ ಅವನಿಗೆ ಹುಟ್ಟಿಬಿಟ್ಟಿತ್ತು. "ಯಾರೂ ಏನೂ ಮುಟ್ಬೇಡಿ. ನೀವಿಬ್ರೂ ಸಾಕ್ಷಿ ಅಷ್ಟೇ" ಅಂದ.

ಸಿಪ್ಪೆ ಸುಲಿದದ್ದಾಯಿತು. ಇನ್ನು ಹಿಸುಕಬೇಕು. ಪಾತ್ರೆಯಲ್ಲಿ ಒಂದು ಗಂಟು ಕಂಡರೂ ಬೈಂಡರಣ್ಣನಿಗೆ ಮೈಯೆಲ್ಲ ಮುಳ್ಳು. ಇಪ್ಪತ್ತೆರಡು ವರ್ಷ ಗಂಟಿಲ್ಲದ ಅಂಟು ಕಾಯಿಸಿದ ಕೈ ಅದು.

"ಮಿಕ್ಸಿಗೆ ಹಾಕ್ಬಿಡಿ" ಎಂದರು ಮೇಷ್ಟ್ರು.

"ಬೆಂದ ಆಲೂಗಡ್ಡೆನ ಯಾರಾದ್ರೂ ಮಿಕ್ಸಿಗೆ ಹಾಕ್ತಾರೇನ್ರೀ!" ಎಂದರು ಅಜ್ಜಿ. "ಸೌಟಲ್ಲಿ ಮೆಲ್ಲಗೆ ಹಿಸುಕ್ಬೇಕು. ಮಿಕ್ಸಿಗೆ ಹಾಕಿದ್ರೆ ಜಿಗಟಾಗತ್ತೆ."

"ಅಜ್ಜಿ, ನಿಮ್ಮ ಕಾಲ ಬೇರೆ, ಈ ಕಾಲ ಬೇರೆ. ಬೈಂಡರಣ್ಣ, ಮಿಕ್ಸಿ, ತಿರುಗ್!"

ಸೀಟಿ ಬಿತ್ತು, ಮಿಕ್ಸಿ ತಿರುಗಿತು. ಒಂದು ನಿಮಿಷ, ಎರಡು, ಐದು. ಮುಚ್ಚಳ ತೆಗೆದು ನೋಡಿದರೆ ಒಂದೇ ಒಂದು ಗಂಟಿಲ್ಲ. ಬೆಣ್ಣೆಯ ಹಾಗೆ ನುಣ್ಣಗೆ, ಕನ್ನಡಿಯ ಹಾಗೆ ಹೊಳಪು. ಬೈಂಡರಣ್ಣ ಅದನ್ನು ಪಾತ್ರೆಗೆ ಸುರಿದು, ಹಾಲು ಹಾಕಿ, ಒಲೆಯ ಮೇಲಿಟ್ಟು ತಿರುವಲು ಕೂತ. ಅಲ್ಲಿಂದ ಮುಂದೆ ಕೆಲಸ ಮಾಡಿದ್ದು ಅವನಲ್ಲ, ಅವನ ಕೈ.

ಕೈಗೆ ತನ್ನ ದಾರಿ ಗೊತ್ತಿತ್ತು. ಪಾತ್ರೆ, ಬೆಂಕಿ, ಬಿಳಿ ಪದಾರ್ಥ. ಇನ್ನೇನು ಬೇಕು? ಒಂದೇ ದಿಕ್ಕಿಗೆ, ತಳ ಮುಟ್ಟಿ, ಅಂಚು ಸವರಿ, ನಲವತ್ತು ನಿಮಿಷ ತಿರುವಿತು. ತೆಳುವಾಗಿದೆ ಅನ್ನಿಸಿದಾಗ ಎರಡು ಹಿಡಿ ಮೈದಾವನ್ನು ತಣ್ಣೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಹಾಕಿತು. ಬೈಂಡರಣ್ಣನ ಮನಸ್ಸು ಆಗಲೇ ಮೂರನೇ ಮಹಡಿಯ ಕಿಟಕಿಯ ಪಕ್ಕ ಕೂತಿತ್ತು. ಎದುರುಗಡೆ ರಸ್ತೆ, ರಸ್ತೆಯಾಚೆ ಒಂದು ಮರ, ಹನ್ನೊಂದು ಗಂಟೆಗೆ ಮೇಜಿನ ಮೇಲೆ ಬೀಳುವ ಬಿಸಿಲು. ಸೂಪು ಮೊದಲ ಸಲ ಉಕ್ಕಿತು. ಎರಡನೇ ಸಲ ಉಕ್ಕಿತು. ಮೂರನೇ ಸಲ ಉಕ್ಕಿದ್ದೇ ತಡ, ಕೈ ಎಡಗಡೆಗೆ ಹೋಗಿ, ಅಲ್ಲಿದ್ದ ಡಬ್ಬಿಯಿಂದ ಒಂದು ಸೌಟು ತುಂಬ ಪುಡಿ ತೆಗೆದು ಸುರಿದುಬಿಟ್ಟಿತು.

ಅದೃಷ್ಟಕ್ಕೆ ಮೈಲುತುತ್ತದ ಡಬ್ಬಿ ಆಫೀಸಿನಲ್ಲೇ ಬೀಗದೊಳಗಿತ್ತು. ಇಲ್ಲಿ ಎಡಗಡೆಗಿದ್ದದ್ದು ಖಾರದ ಪುಡಿ.

"ಅಯ್ಯಯ್ಯೋ!" ಅಂದರು ಅಜ್ಜಿ. "ಒಂದು ಸೌಟು ಹಾಕ್ದೆಯಲ್ಲೋ!"

"ಪುಸ್ತಕದಲ್ಲಿ ಬರೀ ತೂತಿದೆ. ಒಂದು ಸೌಟು ಅಂತಲೇ ಇದ್ದಿರ್ಬಹುದು" ಎಂದರು ಮೇಷ್ಟ್ರು, ದನಿ ಸ್ವಲ್ಪ ಸಣ್ಣದಾಗಿತ್ತು.

ಬೈಂಡರಣ್ಣ ಎಚ್ಚೆತ್ತ. ಅಭ್ಯಾಸದಂತೆ ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಹಿಡಿದು ನೋಡಿದ. ಬೆರಳು ಬಿಡಿಸಿದರೆ ಎಳೆ ಬಂತು. ಇನ್ನಷ್ಟು ಬಿಡಿಸಿದರೆ ಎಳೆ ಉದ್ದವಾಯಿತೇ ಹೊರತು ಹರಿಯಲಿಲ್ಲ. ಮತ್ತೆ ಮುಚ್ಚಿದ, ಬೆರಳು ಬಿಡಿಸಿಕೊಳ್ಳಲು ಬರಲಿಲ್ಲ. ಇದು ಏನೆಂದು ಊರಲ್ಲಿ ಬೇರೆ ಯಾರಿಗೆ ತಿಳಿಯದಿದ್ದರೂ ಅವನಿಗೆ ತಿಳಿಯದಿರುತ್ತದೆಯೇ? ಇಪ್ಪತ್ತೆರಡು ವರ್ಷದಲ್ಲಿ ಅವನು ಇಷ್ಟು ಒಳ್ಳೆಯ ಅಂಟನ್ನು ಕಾಯಿಸಿರಲಿಲ್ಲ.

"ನೀರು ಹಾಕಿ, ನೀರು!" ಎಂದರು ಮೇಷ್ಟ್ರು. ಒಂದು ಚೊಂಬು ಹಾಕಿದರು, ಪಾತ್ರೆ ಕುಡಿದುಬಿಟ್ಟಿತು. ಎರಡನೆಯದನ್ನೂ ಕುಡಿದು ಇನ್ನಷ್ಟು ಗಟ್ಟಿಯಾಯಿತು. ಕೊನೆಗೆ ಅಜ್ಜಿಯ ಕೆನೆಯನ್ನೆಲ್ಲ ಮೇಲೆ ಹರಡಿ ಅವಮಾನ ಮುಚ್ಚಿದ್ದಾಯಿತು. ಆಗ ಒಂದು ಗಂಟೆ, ಬಾಗಿಲ ಕರೆಗಂಟೆ ಬಡಿಯಿತು.

ಮೇಡಂ ಕೆನ್ನೆಗೆ ನೀಲಿ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಚೀಟಿ ಪುಸ್ತಕ, ಪೆನ್ನು ಹಿಡಿದು ಬಂದು ಊಟದ ಮೇಜಿಗೆ ಕೂತರು. ಮೇಷ್ಟ್ರು ಗಾಬರಿಯಲ್ಲಿ ಅಡುಗೆ ಪುಸ್ತಕವನ್ನು ಮೇಜಿನ ಮೂಲೆಗಿಟ್ಟು ಅದರ ಮೇಲೆ ಟವೆಲ್ ಹೊದಿಸಿ, ಪಕ್ಕದಲ್ಲಿ ಕಾವಲು ನಿಂತರು. ಅಜ್ಜಿ ಮೋಡಾ ಸಮೇತ ಹೊಸಿಲು ಬಿಟ್ಟು ಮೇಜಿನ ಬಳಿಗೆ ಬಂದರು.

"ಪಾಪ, ಹಲ್ಲು ನೋವಾ ತಾಯಿ? ಲವಂಗ ಇಟ್ಕೋಬೇಕಿತ್ತು" ಎಂದು ಅಜ್ಜಿ ಶುರುಮಾಡಿದರು. ಮೇಡಂ ತಲೆಯಾಡಿಸಿ, ಬೈಂಡರಣ್ಣನತ್ತ ಒಂದು ಚೀಟಿ ಚಾಚಿದರು. 'ಬಹಳ ಹಸಿವಾಗಿದೆ.'

ಬೈಂಡರಣ್ಣ ಬಟ್ಟಲು ತಂದ. ಸೌಟಿನಿಂದ ಬಟ್ಟಲಿಗೆ ಹಾಕಲು ಹೋದರೆ ಸೂಪು ಸೌಟು ಬಿಡಲು ಒಪ್ಪಲಿಲ್ಲ. ಕೊಡವಿದ. ಇನ್ನೊಮ್ಮೆ ಜೋರಾಗಿ ಕೊಡವಿದ. ಅರ್ಧ ಬಟ್ಟಲಿಗೆ ಬಿತ್ತು, ಇನ್ನರ್ಧ ಹಾರಿಹೋಗಿ ಟವೆಲ್ಲಿನ ಮೂಲೆ ಸರಿಸಿ, ಪುಸ್ತಕದ ಕಿತ್ತ ಬೆನ್ನಿನೊಳಗೆ ಕೂತಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಮೇಡಂ ಅದನ್ನು ಗಮನಿಸಲಿಲ್ಲ, ಹಸಿವು ಅಷ್ಟಿತ್ತು. ಚಮಚ ಬಟ್ಟಲಿಗೆ ಇಳಿಸಿದರು. ಕೈ ಬಿಟ್ಟರು. ಚಮಚ ನೆಟ್ಟಗೆ ನಿಂತಿತು. ಹೇಗೋ ಒಂದು ಚೂರು ಕಿತ್ತು ನಾಲಿಗೆಯ ತುದಿಗೆ ಇಟ್ಟರು. ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಎರಡೂ ಕಣ್ಣಿಂದ ಧಾರಾಕಾರವಾಗಿ ನೀರಿಳಿಯಿತು, ಊದದೆ ಇದ್ದ ಕೆನ್ನೆಯೂ ಕೆಂಪಾಯಿತು. ಬೈಂಡರಣ್ಣನಿಗೆ ಗೋದಾಮಿನ ಇಲಿಗಳು ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

ಮೇಡಂ ಕಣ್ಣೊರೆಸಿಕೊಳ್ಳಲು ಏನಾದರೂ ಬೇಕೆಂದು ತಡಕಾಡಿ, ಮೂಲೆಯ ಟವೆಲ್ ಎಳೆದರು. ಪುಸ್ತಕ ಬಯಲಾಯಿತು. ಮೊಹರೂ ಬಯಲಾಯಿತು. ಮೇಡಂ ಮೇಷ್ಟ್ರ ಕಡೆ ನೋಡಿದ ನೋಟಕ್ಕೆ ಮೇಷ್ಟ್ರು ಅಟೆನ್ಷನ್‌ನಲ್ಲಿ ನಿಂತುಬಿಟ್ಟರು. ಅಷ್ಟರಲ್ಲಿ ಆ ಬೆಳ್ಳಿ ಹುಳ ಪುಟದೊಳಗಿಂದ ಬಂತು. ಎಂದಿನಂತೆ ಊಟಕ್ಕೆಂದು ಬೆನ್ನಿನ ಕಡೆ ನಡೆಯಿತು. ಸೂಪಿನ ಅಂಚಿಗೆ ಬಂದು ಮೀಸೆ ತಾಗಿಸಿತು, ಹಿಂದಕ್ಕೆ ಹಾರಿತು. ಸುತ್ತಿ ಬಳಸಿ ಇನ್ನೊಂದು ಕಡೆಯಿಂದ ಬಂತು. ಅಲ್ಲಿಯೂ ತಾಗಿಸಿ, ಈ ಸಲ ನಿಲ್ಲದೆ ಪುಸ್ತಕವನ್ನೂ ಮೇಜನ್ನೂ ಬಿಟ್ಟು ಗೋಡೆ ಹತ್ತಿ ಹೊರಟುಹೋಯಿತು. ಅದರ ಹಿಂದೆ ಇನ್ನೂ ನಾಲ್ಕು ಹೊರಟವು, ಮನೆ ಖಾಲಿ ಮಾಡುವವರ ಹಾಗೆ.

ಮೇಡಂ ಅಳುವುದನ್ನು ನಿಲ್ಲಿಸಿದರು. ಪುಸ್ತಕವನ್ನು ಹತ್ತಿರ ಎಳೆದುಕೊಂಡು, ಬೆನ್ನಿನ ರಟ್ಟನ್ನು ಒತ್ತಿ ಕೂರಿಸಿ, ಎರಡು ನಿಮಿಷ ಅಂಗೈಯಲ್ಲಿ ಅದುಮಿ ಹಿಡಿದರು. ಆಮೇಲೆ ಕಿತ್ತು ನೋಡಿದರು. ಬರಲಿಲ್ಲ. ಎದ್ದು ನಿಂತು ಕಿತ್ತು ನೋಡಿದರು. ರಟ್ಟು ಕಲ್ಲಿನ ಹಾಗೆ ಕೂತಿತ್ತು. ಚೀಟಿ ಪುಸ್ತಕ ತೆಗೆದು ಬರೆದರು.

'ಇದನ್ನು ನೀವೇ ಮಾಡಿದ್ದಾ?'

ಬೈಂಡರಣ್ಣನಿಗೆ ತಾನು ಉಳಿದುಕೊಳ್ಳಲು ಇನ್ನೊಂದೇ ದಾರಿ ಕಂಡಿತು. ರುಚಿ ಕೆಟ್ಟರೂ ನಿಯತ್ತಿದೆಯಲ್ಲ! "ನಾನೇ ಮೇಡಂ" ಎಂದ, ಈ ಸಲ ಎದೆ ತಟ್ಟಿ. "ಮೊದಲಿಂದ ಕೊನೇತನಕ ನಾನೇ. ಬೇರೆಯವರು ಒಂದು ಚಮಚ ಮುಟ್ಟಿಲ್ಲ. ಬೇಕಾದ್ರೆ ಇವರನ್ನ ಕೇಳಿ."

"ಸತ್ಯ" ಎಂದರು ಅಜ್ಜಿ. "ನನ್ನ ಕೆನೆನ ನನ್ಗೇ ಮುಟ್ಟೋಕೆ ಬಿಡ್ಲಿಲ್ಲ."

"ನಾನು ಟೈಮ್ ಮಾತ್ರ ನೋಡ್ದೆ ಮೇಡಂ" ಎಂದರು ಮೇಷ್ಟ್ರು. ಪುಸ್ತಕದ ವಿಷಯ ಮರೆಯಾಗಲಿ ಎಂಬ ಆಸೆಗೆ ಇನ್ನೂ ಸೇರಿಸಿದರು. "ಇಂಥ ಕೈ ಇನ್ನೊಬ್ಬರಿಗೆ ಬರಲ್ಲ. ನಾನು ಕಣ್ಣಾರೆ ನೋಡಿದೀನಿ. ಆಹಾ, ಒಂದು ಗಂಟಿಲ್ಲ!"

ಮೇಡಂ ಈಗ ಬಹಳ ಹೊತ್ತು ಬರೆದರು. ಬೈಂಡರಣ್ಣ ಪೆನ್ನಿನ ತುದಿಯನ್ನೇ ನೋಡುತ್ತ ನಿಂತ. ವಾಚನಾಲಯ ಎಂದು ಬರೆಯುತ್ತಿದ್ದಾರೋ, ಗೋದಾಮು ಎಂದೋ? ಚೀಟಿ ಕೈಗೆ ಬಂತು.

'ಮೈಲುತುತ್ತ ನಿಂತ ಮೇಲೆ ಒಂದು ವರ್ಷದಿಂದ ನಾನು ಇಂಥದ್ದನ್ನೇ ಹುಡುಕುತ್ತಿದ್ದೆ. ವಿಷವಲ್ಲ, ಹುಳ ಮೂಸುವುದಿಲ್ಲ, ಹಿಡಿತ ಬಿಡುವುದಿಲ್ಲ. ಹೊರಗಿನ ಪ್ರೆಸ್ಸು ಬೇಡ. ರಟ್ಟಿನ ಕೋಣೆ ಮುಚ್ಚುವುದಿಲ್ಲ. ನೀವು ಎಲ್ಲಿಗೂ ಹೋಗಬೇಕಾಗಿಲ್ಲ, ರಿಟೈರಾಗುವವರೆಗೆ ಅಲ್ಲೇ ಇರಬಹುದು. ನಾಳೆಯಿಂದಲೇ ಶುರು ಮಾಡಿ. ಕೆನೆ, ಉಪ್ಪು ಹಾಕಬೇಡಿ.'

ಬೈಂಡರಣ್ಣ ಎರಡು ಸಲ ಓದಿದ. ಕಿಟಕಿ, ಬಿಸಿಲು, ಛತ್ರಿಯ ಮೊಳೆ, ಎಲ್ಲ ಒಂದೊಂದಾಗಿ ಹೊರಟುಹೋದವು.

"ಮೇಡಂ!" ಎಂದು ಅವನು ಹೆಚ್ಚುಕಮ್ಮಿ ಕೂಗಿದ. "ತಪ್ಪಾಯ್ತು. ನಿಜ ಹೇಳ್ಬಿಡ್ತೀನಿ. ಆವತ್ತು ನೀವು ತಿಂದ ಸೂಪು ನಾನು ಮಾಡಿದ್ದಲ್ಲ. ನನ್ನ ಹೆಂಡ್ತಿ ಮಾಡಿದ್ದು. ನನಗೆ ಒಲೆ ಕೆಲಸ ಏನೂ ಬರಲ್ಲ, ನನ್ನನ್ನ ನಂಬ್ಬೇಡಿ!"

ಮೇಡಂ ಅವನನ್ನು ಕನಿಕರದಿಂದ ನೋಡಿದರು. ಇನ್ಯಾವ ಚೀಟಿಯೂ ಬೇಕಾಗಿಲ್ಲ ಎನ್ನುವಂತೆ ಎದ್ದವರು, ಏನೋ ನೆನಪಾಗಿ ನಿಂತುಕೊಂಡೇ ಒಂದು ಸಾಲು ಬರೆದುಕೊಟ್ಟರು.

'ಆ ಸೂಪು ಯಾರದಾದರೂ ಇರಲಿ. ಈ ಅಂಟು ನಿಮ್ಮದೇ.'

ಅಜ್ಜಿ ತಮ್ಮ ಮನೆಗೆ ಕರೆದುಕೊಂಡು ಹೋಗಿ ಮೇಡಂಗೆ ಒಂದು ಲೋಟ ಹಾಲು ಕೊಟ್ಟರು. ಮೇಷ್ಟ್ರು ಅಡುಗೆ ಪುಸ್ತಕವನ್ನು ಮೇಡಂ ಕಾರಿನವರೆಗೆ ಎರಡೂ ಕೈಯಲ್ಲಿ ಹೊತ್ತು ಕೊಟ್ಟುಬಂದು, ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು ಸದ್ದಿಲ್ಲದೆ ಮೇಲೆ ಹತ್ತಿದರು.

ಸಂಜೆ ಐದಕ್ಕೆ ಹೆಂಡತಿ ಬಂದಾಗ ಬೈಂಡರಣ್ಣ ಮೇಜಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಮುಂದೆ ಬಟ್ಟಲು, ಬಟ್ಟಲಲ್ಲಿ ಚಮಚ ಇನ್ನೂ ನಿಂತೇ ಇತ್ತು. ಅವಳು ಚಮಚ ಹಿಡಿದೆತ್ತಿದಳು. ಬಟ್ಟಲು ಬಂತು, ಬಟ್ಟಲ ಜೊತೆ ಮೇಜಿನ ಹಾಸೂ ಬಂತು.

"ಏನ್ರೀ ಇದು?"

ಅವನು ಮೇಡಂ ಅವತ್ತು ಬರೆದ ನಾಲ್ಕು ಚೀಟಿಗಳನ್ನೂ ಮುಂದಿಟ್ಟ. ಅವಳು ನಿಂತುಕೊಂಡೇ ಓದಿ ಮುಗಿಸಿ, ಫ್ರಿಜ್ಜಿನ ಕಡೆ ತಿರುಗಿದಳು.

"ಕೆಳಗಿನ ಖಾನೆ ತೆಗೆದು ನೋಡ್ಲೇ ಇಲ್ವಾ ನೀವು?"

ಕೆಳಗಿನ ಖಾನೆಯಿಂದ ತಟ್ಟೆ ಮುಚ್ಚಿದ ದೊಡ್ಡ ಪಾತ್ರೆ ಹೊರಬಂತು. ಅದರ ತುಂಬ ಆಲೂಗಡ್ಡೆ ಸೂಪು.

"ಐದು ಗಂಟೆಗೆ ಎದ್ದು ಮಾಡಿಟ್ಟಿದ್ದೆ" ಅಂದಳು. "ಸಿಟ್ಟು ಬಂದಿತ್ತು, ನಿಜ. ಆದ್ರೆ ನಿಮ್ಮ ಕಿಟಕಿ ಹಾಳಾಗ್ಲಿ ಅಂತೇನೂ ಇರ್ಲಿಲ್ಲ. ಬಿಸಿ ಮಾಡಿ ಬಡಿಸೋದಷ್ಟೇ ಇತ್ತು. ಕಣ್ಣು ಬಿಟ್ಟು ನೋಡಿ ಅಂತ ಹೇಳಿಯೂ ಹೋಗಿದ್ದೆ."

ಅವಳು ಸೂಪು ಬಿಸಿ ಮಾಡಿ, ಎರಡು ಬಟ್ಟಲಿಗೆ ಹಾಕಿ, ಒಂದನ್ನು ಅವನ ಮುಂದೆ ಸರಿಸಿದಳು. ಸೌಟಿನಿಂದ ಅದು ಸರಾಗವಾಗಿ ಇಳಿಯಿತು. ಬೆಳಿಗ್ಗೆಯಿಂದ ಏನೂ ತಿಂದಿರದ ಅವನು ಒಂದು ಚಮಚ ಬಾಯಿಗಿಟ್ಟ. ಮೊದಲು ಕೆನೆ, ಆಮೇಲೆ ಬೆಳ್ಳುಳ್ಳಿ, ಕೊನೆಗೆ ಗಂಟಲಲ್ಲಿ ಮೆಲ್ಲಗೆ ಖಾರ. ಅಲ್ಲಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವು, ಅಗಿದರೆ ಬಾಯಿಗೆ ಸಿಗುವಂಥವು.

"ಚೆನ್ನಾಗಿದೆ" ಎಂದ.

ಹೆಂಡತಿಯ ಕೈ ಅರ್ಧದಲ್ಲೇ ನಿಂತಿತು. "ಏನಂದ್ರಿ?"

"ಬಹಳ ಚೆನ್ನಾಗಿದೆ."

"ಯಾರು ಮಾಡಿದ್ದು?"

"ನೀನೇ" ಎಂದ ಬೈಂಡರಣ್ಣ.

ಅವಳು ನಗು ತಡೆದುಕೊಂಡು, ಕಡೆಯ ಚೀಟಿಯನ್ನು ಮಡಿಸಿ ಅವನ ಜೇಬಿಗೆ ಹಾಕಿದಳು.

"ನಾಳೆ ಆಫೀಸಿಗೆ ಎಷ್ಟು ಕಿಲೋ ಆಲೂಗಡ್ಡೆ ಬೇಕು?"

"ಹತ್ತು" ಎಂದು, ಬೈಂಡರಣ್ಣ ಖಾಲಿ ಬಟ್ಟಲನ್ನು ಮತ್ತೆ ಅವಳ ಮುಂದೆ ಸರಿಸಿದ.